ಇತರೆ, ಎರಡು ನಿಮಿಷ

ಇದನ್ನು ಬರೆಯಬೇಕೆಂದುಕೊಂಡು ಎಷ್ಟು ವರ್ಷವಾಯಿತೆಂದು ಕೇಳಬೇಡಿ. ಮೊದಲು ಕನ್ನಡಕ ಸರಿಯಿಲ್ಲ ಎಂದು ಮುಂದೂಡಿದೆ. ಕನ್ನಡಕ ಬಂತು. ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ ಎಂದೆ. ಅದನ್ನೂ ತೆಗೆಸಿದರು. ಈಗ ಎದುರು ಮನೆಯವರು ಟೆರೇಸಿನಲ್ಲಿ ಒಣಗಲು ಹಾಕಿದ ಮೆಣಸಿನಕಾಯಿಯನ್ನು ಎಣಿಸುವಷ್ಟು ಚೆನ್ನಾಗಿ ಕಾಣುತ್ತದೆ. ಆಮೇಲೆ ಮಳೆಗಾಲ ಮುಗಿಯಲಿ ಎಂದೆ. ತಿರುವನಂತಪುರದಲ್ಲಿ ಮಳೆಗಾಲ ಎರಡು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದಿರುತ್ತದೆ. ಹಾಗಾಗಿ ಆ ನೆಪ ಬಹಳ ವರ್ಷ ಬಾಳಿಕೆ ಬಂತು.

ಮೊನ್ನೆ ಮೊಮ್ಮಗಳು ಕಪಾಟು ಕೆದಕಿ ಒಂದು ಗಂಟೆ ಹೊರಗೆ ತೆಗೆದಳು. ದೇವರ ಗಂಟೆಯಲ್ಲ. ಹಿಂದೆಲ್ಲ ಸಾಹೇಬರ ಮೇಜಿನ ಮೇಲೆ ಇರುತ್ತಿತ್ತಲ್ಲ, ಮಗುಚಿಟ್ಟ ಬಟ್ಟಲಿನಂಥದ್ದು, ನೆತ್ತಿಯ ಮೇಲೊಂದು ಗುಂಡಿ, ಒತ್ತಿದರೆ ‘ಟಣ್’ ಎನ್ನುವುದು, ಅದು. ಅವಳು ಒತ್ತಿದಳು. ಊಟಕ್ಕೆ ಕುಳಿತಿದ್ದ ನಾನು ಎದ್ದು ನಿಂತೆ. ಎಡಗೈಯಲ್ಲಿ ಉಟ್ಟ ಮುಂಡಿನ ತುದಿ, ಬಲಗೈಯಲ್ಲಿ ಸಾರು ಸೋರುವ ಅನ್ನ.

"ಅಪ್ಪೂಪ್ಪನ್ ಎಂದಿನಾ ಎಳುನೇಟ್ಟೇ?" ಎಂದಳು, ಅಜ್ಜ ಯಾಕೆ ಎದ್ದದ್ದು ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಮಲಯಾಳ.

ನನ್ನ ಹೆಂಡತಿ ಸರೋಜ ಒಳಗಿನಿಂದಲೇ ಹೇಳಿದಳು: "ಮೂವತ್ತನಾಲ್ಕು ವರ್ಷ ಎದ್ದ ಕಾಲುಗಳು ಮಗಾ, ಅವಕ್ಕೆ ರಿಟೈರ್ ಆದದ್ದು ಗೊತ್ತಿಲ್ಲ."

ಇದೇ ಊರಿನ ಪಟ್ಟಂನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾನು ಅಟೆಂಡರ್ ಆಗಿದ್ದೆ. ಊರು ಕಾಸರಗೋಡು ಕಡೆ, ಓದು ಎಸ್ಸೆಸ್ಸೆಲ್ಸಿ. ಸಾಹೇಬರ ಕೋಣೆಯ ಹೊರಗೆ ಒಂದು ಸ್ಟೂಲು, ಅದರ ಮೇಲೆ ನಾನು. ಗಂಟೆಯ ಭಾಷೆಯನ್ನು ನನ್ನಷ್ಟು ಬಲ್ಲವರು ಆ ಕಟ್ಟಡದಲ್ಲಿ ಇರಲಿಲ್ಲ. ಒಬ್ಬರು ಎರಡು ಸಲ ಒತ್ತಿದರೆ ಚಹಾ. ಇನ್ನೊಬ್ಬರು ಒಂದೇ ಸಲ ಒತ್ತಿ ಬೆರಳನ್ನು ಹಾಗೆಯೇ ಇಟ್ಟರೆ ಬೈಗುಳ. ಮತ್ತೊಬ್ಬರು ಒತ್ತಿಬಿಟ್ಟು, ನಾನು ಹೋಗಿ ನಿಂತ ಮೇಲೆ, ಯಾಕೆ ಕರೆದೆ ಎಂದು ನನ್ನನ್ನೇ ಕೇಳುತ್ತಿದ್ದರು.

ಗಂಟೆಗೆ ಏಳುವುದೇ ನನ್ನ ಉದ್ಯೋಗವಾದರೂ ಗಂಟೆ ಬಾರಿಸುವ ಆಸೆ ಮಾತ್ರ ಸಣ್ಣಂದಿನದು. ನಮ್ಮ ಶಾಲೆಯಲ್ಲಿ ಹಲಸಿನ ಮರಕ್ಕೆ ರೈಲಿನ ಹಳಿಯ ತುಂಡೊಂದನ್ನು ನೇತುಹಾಕಿದ್ದರು. ಅದನ್ನು ಬಡಿಯುವ ಅಧಿಕಾರ ಹೆಡ್‌ಮಾಸ್ಟರಿಗೆ ಬೇಕಾದ ಹುಡುಗರದ್ದು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನಾನು ಆ ಪಟ್ಟಿಗೆ ಸೇರಲಿಲ್ಲ. ಪ್ರೀತಿಯ ವಿಷಯದಲ್ಲೂ ಹಾಗೆಯೇ. ನಮ್ಮ ಮನೆಯಲ್ಲಿ ಪ್ರೀತಿ ಎಂಬ ಶಬ್ದವನ್ನು ಯಾರೂ ಬಳಸಿದ್ದು ನನಗೆ ನೆನಪಿಲ್ಲ. ಅಜ್ಜಿ ಬಂಗುಡೆ ಮೀನಿನ ನಡುತುಂಡನ್ನು ಯಾರ ತಟ್ಟೆಗೆ ಹಾಕುತ್ತಾಳೆ ಎಂಬುದನ್ನು ನೋಡಿ ತಿಳಿದುಕೊಳ್ಳಬೇಕಿತ್ತು. ನನಗೆ ಹೆಚ್ಚಾಗಿ ಬಾಲ ಬರುತ್ತಿತ್ತು. ಇಂಥವನನ್ನು ಕರೆದು ಪ್ರೀತಿಗೆ ಗಂಟೆ ಬಾರಿಸು ಎಂದರು ನಮ್ಮ ಕನ್ನಡ ಸಂಘದವರು.

ಆ ಸಂಘದ ವಿಷಯ ಹೇಳಬೇಕು. ಎರಡು ಸಾವಿರದ ನಂತರದ ವರ್ಷಗಳು. ಕಳಕ್ಕೂಟಂನ ಕಂಪ್ಯೂಟರ್ ಪಾರ್ಕಿಗೆ ನಮ್ಮ ಕಡೆಯ ಹುಡುಗ ಹುಡುಗಿಯರು ಬರತೊಡಗಿದ್ದರು. ಬ್ಯಾಂಕಿನವರು, ಕೇಂದ್ರ ಸರ್ಕಾರದವರು ಮೊದಲಿನಿಂದ ಇದ್ದೆವು. ಎಲ್ಲ ಸೇರಿ ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತಿದ್ದೆವು. ಅಧ್ಯಕ್ಷರು ಬ್ಯಾಂಕ್ ಮ್ಯಾನೇಜರ್ ಶೇಷಗಿರಿರಾಯರು. ಕಾರ್ಯದರ್ಶಿ ಹುಬ್ಬಳ್ಳಿ ಕಡೆಯ ಬಸವರಾಜ, ನಮ್ಮ ಕಚೇರಿಯಲ್ಲೇ ಗುಮಾಸ್ತ. ಐಡಿಯಾ ಅವನದ್ದೇ.

"ಪ್ರತಿ ವರ್ಷ ಅದ ಹಾಡು, ಅದ ಡ್ಯಾನ್ಸು. ಈ ಸಲ ಏನರ ತೂಕದ್ದು ಇಡೂಣ್ರಿ ಸರ," ಎಂದ ಸಭೆಯಲ್ಲಿ.

"ತೂಕದ್ದು ಅಂದ್ರೆ?" ಎಂದರು ರಾಯರು.

"ಪ್ರೀತಿ, ಸರ. ಎಲ್ಲಾ ಧರ್ಮದಾಗ ಪ್ರೀತಿ ಅಂದ್ರ ಏನು ಅಂತ. ನಮ್ಮ ಸಂಘದಾಗ ಎಲ್ಲಾ ಥರದವರು ಅದಾರಲ್ರೀ."

ರಾಯರು ಕಣ್ಣು ಮುಚ್ಚಿ ಯೋಚಿಸಿದರು. "ಒಳ್ಳೇದು. ಒಂದೊಂದು ಧರ್ಮಕ್ಕೆ ಎಷ್ಟು ನಿಮಿಷ?"

ಎರಡು ಗಂಟೆ ಚರ್ಚೆಯಾಗಿ ನಾಲ್ಕು ನಿಮಿಷ ಎಂದು ತೀರ್ಮಾನವಾಯಿತು. ಆದರೆ ಯಾವ ಧರ್ಮ ಮೊದಲು? ಅಕ್ಷರಮಾಲೆಯ ಪ್ರಕಾರ ಎಂದರೆ ಇಸ್ಲಾಂ ಮೊದಲಾಯಿತು, ಹಿಂದೂ ಕೊನೆಗೆ ಹೋಯಿತು. ರಾಯರ ಮುಖ ಸಣ್ಣದಾಯಿತು. ಹಳೆಯದು ಮೊದಲು ಎಂದರೆ ಯಾವುದು ಹಳೆಯದು ಎಂದು ಜೈನರ ಧರಣೇಂದ್ರ ಕೈ ಎತ್ತಿದ. ಕೊನೆಗೆ ರಾಯರೇ ಬ್ಯಾಂಕಿನಿಂದ ಹಿತ್ತಾಳೆಯ ಟೋಕನ್ ತಂದರು. ಮೊದಲು ಬಂದ ಧರ್ಮಕ್ಕೆ ಮೊದಲ ಟೋಕನ್. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ಸಮಯ ನೋಡಿಕೊಳ್ಳುವುದು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. "ಐತಪ್ಪಣ್ಣ ಗಂಟಿ ಜೋಡೀನ ಬಾಳ್ವೆ ಮಾಡ್ಯಾರ್ರಿ, ಅವರಿಗಿಂತ ಬೇರೆ ಯಾರು?" ಎಂದ ಬಸವರಾಜ.

ಆದರೆ ಗಂಟೆ ಎಲ್ಲಿಂದ ತರುವುದು? ನಮ್ಮ ಸೆಕ್ಷನ್ ಆಫೀಸರ್ ಮೇಡಂ ಅವರ ಮೇಜಿನ ಮೇಲೊಂದು ಇತ್ತು.

ಈ ಮೇಡಂ ಮೈಸೂರಿನವರು. ಮದುವೆಯಾದದ್ದು ಇಲ್ಲಿನ ವರ್ಗೀಸ್ ಎಂಬವರನ್ನು, ಸಿರಿಯನ್ ಕ್ರೈಸ್ತರು. ಅವರು ತೀರಿಹೋಗಿ ಎರಡು ವರ್ಷವಾಗಿತ್ತು. ಕಚೇರಿಯ ಮಲಯಾಳಿಗಳಿಗೆ ಇವರು ಮಿಸೆಸ್ ವರ್ಗೀಸ್, ನನಗೆ ಮೇಡಂ. ಸದ್ಯಕ್ಕೆ ಹಾಗೇ ಇರಲಿ. ಅವರು ಆ ಮೇಜಿಗೆ ಬಂದು ಆರು ವರ್ಷವಾಗಿತ್ತು, ಒಂದು ದಿನವೂ ನನಗೆ ಗಂಟೆ ಒತ್ತಿದವರಲ್ಲ. ಫೈಲು ಬೇಕಾದರೆ ಎದ್ದು ಸ್ಟೂಲಿನ ಹತ್ತಿರ ಬರುತ್ತಿದ್ದರು. "ಐತಪ್ಪನವರೇ, ಬಿಡುವಾದಾಗ ಆ ಹಳೇ ಫೈಲ್ ಸ್ವಲ್ಪ ಹುಡುಕಿಕೊಡ್ತೀರಾ?" ನನಗೆ ಬಿಡುವಲ್ಲದೆ ಬೇರೇನೂ ಇರಲಿಲ್ಲ. ಗಂಟೆ ಅವರ ಮೇಜಿನಲ್ಲಿ ಕಾಗದ ಹಾರದಂತೆ ಕೂತಿರುತ್ತಿತ್ತು. ಕೇಳಿದಾಗ ಕೂಡಲೇ ಎತ್ತಿ ಕೊಟ್ಟರು. "ತಗೊಂಡ್ಹೋಗಿ. ನನ್ನ ಹತ್ತಿರ ಇದ್ದು ಇದಕ್ಕೆ ದನಿಯೇ ಮರೆತುಹೋಗಿದೆ."

ಪಟ್ಟಂನ ಒಂದು ಶಾಲೆಯ ಹಾಲ್. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಎಲ್ಲ ಧರ್ಮಗಳ ಪ್ರೀತಿಯ ಸಭೆಯನ್ನು ಭಾನುವಾರ ಬೆಳಿಗ್ಗೆ ಇಟ್ಟದ್ದರಿಂದ ಕ್ರೈಸ್ತರ ಕಡೆಯಿಂದ ಮಾತನಾಡಬೇಕಾಗಿದ್ದ ಮಂಗಳೂರಿನವರು ಚರ್ಚಿಗೆ ಹೋಗಿದ್ದರು. ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ರಾಯರು ಎಂಟು ಗಂಟೆಗೇ ಬಂದು ಮೊದಲ ಟೋಕನ್ ಹಿಡಿದು ಕುಳಿತಿದ್ದರು. ಟೋಕನ್‌ಗಳನ್ನು ತಂದವರೂ ಅವರೇ ಅಲ್ಲವೇ.

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ, ವೇದಿಕೆಯ ಪಕ್ಕದ ಪುಟ್ಟ ಮೇಜಿನ ಹಿಂದೆ ಕುಳಿತೆ. ಎದುರಿಗೆ ಗಂಟೆ, ಪಕ್ಕದಲ್ಲಿ ನನ್ನ ಕೈಗಡಿಯಾರ. ಮೂರನೆಯ ಸಾಲಿನಲ್ಲಿ ಸರೋಜ. ಅವಳು ನನ್ನನ್ನು ಸ್ಟೂಲಲ್ಲದ ಆಸನದಲ್ಲಿ ನೋಡಿದ್ದು ನಮ್ಮ ಮದುವೆಯ ದಿನ ಬಿಟ್ಟರೆ ಅಂದೇ.

ಸ್ವಾಗತ, ಹಾಡು ಮುಗಿಯುವಾಗಲೇ ಹತ್ತೂವರೆ ಆಗಿತ್ತು. ರಾಯರು ಪ್ರೀತಿಯ ಬಗ್ಗೆ ಆರಂಭಿಸಿದರು. ನಾಲ್ಕು ನಿಮಿಷವಾಯಿತು. ನಾನು ಕೈ ಎತ್ತಿದೆ. ಅವರು ನಾಲ್ಕನೆಯ ನಿಮಿಷದಲ್ಲಿ ಇನ್ನೂ ಸೃಷ್ಟಿಯ ಮೊದಲ ದಿನದಲ್ಲಿದ್ದರು. ಮಾತು ನಿಲ್ಲಿಸದೆ ನನ್ನತ್ತ ಒಂದು ನೋಟ ಬಿಟ್ಟರು. ಸಾಲದ ಅರ್ಜಿ ತಂದವನನ್ನು ನೋಡುವ ನೋಟ. ನನ್ನ ಕೈ ತಾನಾಗಿ ಹೋಗಿ ಕಿವಿ ಕೆರೆಯಿತು. ಅವರ ಪ್ರೀತಿ ಮುಗಿಯುವಾಗ ಮೂವತ್ತೇಳು ನಿಮಿಷ ಆಗಿತ್ತು.

ಆಮೇಲೆ ಧರಣೇಂದ್ರ, ಮೂಡಬಿದಿರೆಯವನು, ಬ್ಯಾಂಕಿನಲ್ಲಿ ಆಫೀಸರ್. ಸಕಲ ಜೀವಿಗಳ ಮೇಲೆ ಪ್ರೀತಿ ಎಂದು ಶುರುಮಾಡಿದವನು ಅಷ್ಟಕ್ಕೇ ನಿಂತ. ಅತಿಥಿಗಳಿಗೆಂದು ಇಟ್ಟ ಲಡ್ಡಿನ ತಟ್ಟೆಯಿಂದ ಇರುವೆಗಳ ಸಾಲೊಂದು ಹೊರಟು ಮೈಕಿನ ಕಂಬ ಹತ್ತುತ್ತಿತ್ತು. ಅವನು ಉಸಿರು ತಾಗಬಾರದೆಂದು ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಾತನಾಡಿದ, ಸಭೆಗೆ ಏನೂ ಕೇಳಿಸಲಿಲ್ಲ. ನಡುವೆ ಬಸವರಾಜ ಕರವಸ್ತ್ರದಿಂದ ಕಂಬ ಒರೆಸಲು ಬಂದಾಗ ಮಾತ್ರ ಒಂದು ವಾಕ್ಯ ಸ್ಪಷ್ಟವಾಗಿ ಕೇಳಿತು: "ಮುಟ್ಟಬೇಡಿ ಮಾರಾಯ್ರೇ, ಅವು ದಾರಿಯಲ್ಲಿ ಉಂಟು!" ನಾನು ಗಂಟೆಗೆ ಕೈ ಹಾಕಿದೆ. "ಐತಪ್ಪಣ್ಣ, ಗಂಟೆ ಬೇಡ, ಅವಕ್ಕೆ ಗಾಬರಿ ಆಗ್ತದೆ," ಎಂದ. ಇರುವೆಗಳು ಇಳಿದು ಮುಗಿಯುವವರೆಗೆ ನಾವೆಲ್ಲ ಕಾದೆವು. ಅದಕ್ಕೆ ಮತ್ತೆ ಹತ್ತೊಂಬತ್ತು ನಿಮಿಷ ಹೋಯಿತು.

ಮೂರನೆಯವನು ನೌಷಾದ್. ಪುತ್ತೂರಿನ ಹುಡುಗ, ಕಳಕ್ಕೂಟಂನಲ್ಲಿ ಇಂಜಿನಿಯರ್. ನಾನು ಇವನಿಗಾದರೂ ಬಾರಿಸೋಣವೆಂದು ಬೆರಳನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡಿದ್ದೆ. ಅವನು ಹೇಳಿದ್ದು ಇಷ್ಟೇ: "ಪಕ್ಕದ ಮನೆಯವರು ಹಸಿದಿರುವಾಗ ನಾವು ಉಣ್ಣಬಾರದು ಅಂತ ನನ್ನ ಉಮ್ಮ ಹೇಳುದು. ಇಲ್ಲಿ ಎಲ್ಲರಿಗೂ ಹಸಿವು ಆಗಿದೆ, ನನಗೆ ಕಾಣ್ತದೆ. ಹಾಗಾಗಿ ನಾನು ಕೂತ್ಕೊಳ್ತೇನೆ." ಚಪ್ಪಾಳೆಯೋ ಚಪ್ಪಾಳೆ. ನನ್ನ ಗಂಟೆಗೆ ಮಾತ್ರ ಕೆಲಸವಿಲ್ಲ.

ಇಷ್ಟಕ್ಕೇ ಮುಗಿಸಿದ್ದರೆ ನಾನಿವತ್ತು ಮೆಣಸಿನಕಾಯಿ ಎಣಿಸಿಕೊಂಡು ಸುಖವಾಗಿರುತ್ತಿದ್ದೆ. ಆದರೆ ಬ್ಯಾನರಿನಲ್ಲಿ ನಾಲ್ಕು ಧರ್ಮದ ಚಿತ್ರ ಬರೆಸಿಯಾಗಿತ್ತು. ಬಸವರಾಜ ಸುತ್ತ ನೋಡಿದ. ಹಿಂದೆ ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ ಮೇಡಂ ಎಲೆ ಒರೆಸುತ್ತಿದ್ದರು.

"ಮೇಡಂ, ನೀವು ಬರ್ರಿ. ಕ್ರಿಶ್ಚಿಯನ್ ಜಾಗಾ ಖಾಲಿ ಐತಿ."

"ನಾನು ಹೇಗ್ರೀ ಆಗ್ತೀನಿ? ನಾನು ಚರ್ಚಿಗೆ ಹೋಗಿರೋದೇ ಮೂರು ಸಲ."

"ಸರಿ ಹೇಳಿದರು," ಎಂದರು ರಾಯರು. "ಅವರ ಯಜಮಾನರು ಕ್ರಿಶ್ಚಿಯನ್, ಅವರಲ್ಲ."

"ಹಂಗಾರ ಹಿಂದೂದಾಗ?"

"ಹಿಂದೂ ನಾನು ಮಾತಾಡಿ ಆಯ್ತಲ್ಲಪ್ಪ."

ಬಸವರಾಜ ಸರ್ಕಾರಿ ನೌಕರ. ಯಾವ ಕಾಲಮಿನಲ್ಲೂ ಕೂರದವರಿಗೆ ಫಾರಂನಲ್ಲಿ ಜಾಗ ಇದ್ದೇ ಇರುತ್ತದೆಂದು ಅವನಿಗೆ ಗೊತ್ತು. ಪೆನ್ನು ತೆಗೆದು ಪಟ್ಟಿಯ ಕೊನೆಯಲ್ಲಿ ಬರೆದ: ಇತರೆ. ಹೊತ್ತಾಗಿದ್ದರಿಂದ ಎರಡು ನಿಮಿಷ. ಟೋಕನ್ ಕೈಗೆ ಕೊಟ್ಟ.

ಮೇಡಂ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದರು.

"ಧರ್ಮದ ಬಗ್ಗೆ ನಂಗೆ ಹೇಳೋಕೆ ಬರಲ್ಲ. ನಮ್ಮ ಮನೆಯವರ ಬಗ್ಗೆ ಹೇಳ್ತೀನಿ. ನಾನು ಪ್ರತಿ ತಿಂಗಳು ಸಂಕಷ್ಟಿ ಉಪವಾಸ ಮಾಡ್ತೀನಿ. ಚಂದ್ರ ನೋಡಿ ಊಟ. ಅವರಿಗೆ ಗಣಪತಿ ಲೆಕ್ಕ, ಚೌತಿ ಲೆಕ್ಕ ಏನೂ ಗೊತ್ತಿಲ್ಲ. ಗೊತ್ತಿದ್ದಿದ್ದು ಒಂದೇ, ಚಂದ್ರ ಬರೋವರೆಗೂ ಇವಳು ಊಟ ಮಾಡಲ್ಲ. ಹಾಗಾಗಿ ಚಂದ್ರನ ಜವಾಬ್ದಾರಿ ಅವರದ್ದು. ಟೆರೇಸ್ ಹತ್ತೋರು. ಇಲ್ಲಿನ ಮೋಡ ನಿಮಗೆ ಗೊತ್ತಲ್ಲ. ಕಾಣದಿದ್ರೆ ಎರ್ನಾಕುಲಂನಲ್ಲಿರೋ ತಮ್ಮನಿಗೆ ಫೋನ್. ‘ಅವಿಡೆ ಚಂದ್ರನ್ ಉಂಡೋಡಾ?’ ಅಲ್ಲಿ ಚಂದ್ರ ಇದ್ರೆ ಇಲ್ಲೂ ಇದ್ದ ಹಾಗೆ ಅಂತ ಅವರೇ ಒಂದು ಕಾನೂನು ಮಾಡ್ಕೊಂಡಿದ್ರು. ಪಂಚಾಂಗದಲ್ಲಿ ಹೊತ್ತು ಬರೆದಿರುತ್ತೆ, ಅದನ್ನ ನೋಡಿ ಊಟ ಮಾಡಬಹುದು ಅನ್ನೋದನ್ನ ನಾನು ಇಪ್ಪತ್ತೆರಡು ವರ್ಷ ಅವರಿಗೆ ಹೇಳಲೇ ಇಲ್ಲ."

ಹಾಲ್ ಪೂರ್ತಿ ನಕ್ಕಿತು. "ನಮ್ಮ ಉಮ್ಮನೂ ಹೀಗೇ ಮೇಡಂ, ಹಬ್ಬದ ಚಂದ್ರ ಕಾಣದಿದ್ರೆ ಊರಿಡೀ ಫೋನ್ ಮಾಡುದು," ಎಂದು ನೌಷಾದ್ ಕೂತಲ್ಲಿಂದಲೇ ಕೂಗಿದ.

"ಅಲ್ವಾ? ಚಂದ್ರ ಎಲ್ಲರ ಮನೇಲೂ ಕೆಲಸ ಕೊಡ್ತಾನೆ," ಎಂದರು ಮೇಡಂ. ಆಮೇಲೆ ಸ್ವಲ್ಪ ಮೆತ್ತಗೆ ಹೇಳಿದರು: "ಅವರು ಹೋಗೋದಕ್ಕೆ ಹಿಂದಿನ ತಿಂಗಳು. ಅದೇ ಕೊನೇ ಸಂಕಷ್ಟಿ ಅಂತ ಇಬ್ಬರಿಗೂ ಗೊತ್ತಿಲ್ಲ. ಇಲ್ಲೂ ಮೋಡ, ಎರ್ನಾಕುಲಂನಲ್ಲೂ ಮೋಡ. ಛತ್ರಿ ಹಿಡಕೊಂಡು ಟೆರೇಸಿಂದ ಇಳಿದು ಬಂದ್ರು. ಛತ್ರಿ ಮಡಿಸ್ತಾ ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು, ನನ್ನ ಮುಖ ನೋಡಿ ಏನಂದ್ರು ಗೊತ್ತಾ..."

ಟಣ್.

ಅಂಥ ಶಬ್ದ ಆ ಗಂಟೆಯಿಂದ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಶಾಲೆಯ ಹಳಿಯ ತುಂಡು ಬಡಿದ ಹಾಗೆ ಬಂತು.

ಛತ್ರಿ ಮಡಿಸುವಂತೆ ಎತ್ತಿದ ಅವರ ಕೈಗಳು ಹಾಗೆಯೇ ಗಾಳಿಯಲ್ಲಿ ನಿಂತವು. ಮೇಡಂ ಮೊದಲು ಗಂಟೆಯನ್ನು ನೋಡಿದರು, ಆಮೇಲೆ ನನ್ನನ್ನು. ಕೈ ಇಳಿಸಿದರು. "ಓ, ಟೈಮ್ ಆಯ್ತಾ?" ಎಂದು ನಕ್ಕು, ಟೋಕನನ್ನು ನನ್ನ ಮೇಜಿನ ಮೇಲಿಟ್ಟು, "ಬನ್ನಿ ಬನ್ನಿ, ಬಾತ್ ತಣ್ಣಗಾಗುತ್ತೆ," ಎನ್ನುತ್ತ ಹಿಂದೆ ಹೋದರು. ಎಲ್ಲರೂ ಎದ್ದರು. ಏನಂದರು ಎಂದು ಒಬ್ಬರೂ ಕೇಳಲಿಲ್ಲ. ಹಸಿವು ನೋಡಿ.

"ಕರೆಕ್ಟ್ ಟೈಮಿಗೆ ಹೊಡದ್ರಿ ನೋಡ್ರಿ ಐತಪ್ಪಣ್ಣ!" ಎಂದ ಬಸವರಾಜ, ಬೆನ್ನು ತಟ್ಟಿ.

ನೌಷಾದ್ ಎಲೆ ಹಿಡಿದು ಸಾಲಿನಲ್ಲಿ ನಿಂತಿದ್ದ. ತನ್ನ ಡಿಜಿಟಲ್ ವಾಚನ್ನು ನನಗೆ ತೋರಿಸಿದ. "ಇನ್ನೂ ಹದಿನೈದು ಸೆಕೆಂಡ್ ಇತ್ತು ಐತಪ್ಪಣ್ಣ," ಎಂದ. ಅವನು ಅದನ್ನು ಲೆಕ್ಕಕ್ಕಾಗಿ ಹೇಳಿದನೋ ಬೇಜಾರಿಗಾಗಿ ಹೇಳಿದನೋ ತಿಳಿಯಲಿಲ್ಲ. ಸರೋಜ ಹೇಳಿದ್ದು ಮಾತ್ರ ತಿಳಿಯಿತು. ಉಪ್ಪಿನಕಾಯಿ ಬಡಿಸಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದಳು: "ನಿಮಗೆ ಬೇರೆ ಯಾರೂ ಸಿಗಲಿಲ್ಲವಾ?"

ನೀವು ನನ್ನ ಪರವಾಗಿ ಯೋಚಿಸುವುದು ಬೇಡ. ನನಗೆ ಹಸಿವಾಗಿತ್ತು, ನಿಜ. ಗಡಿಯಾರದ ಮುಳ್ಳು ಸರಿಯಾಗಿ ಕಾಣಲಿಲ್ಲ, ಅದೂ ಅರ್ಧ ನಿಜ. ಉಳಿದ ನಿಜ ಇದು: ಬೆಳಗಿನಿಂದ ನನ್ನ ಬೆರಳು ತುರಿಸುತ್ತಿತ್ತು. ರಾಯರಿಗೆ ಬಾರಿಸಲು ಧೈರ್ಯವಿರಲಿಲ್ಲ. ಇರುವೆಗಳ ಮರ್ಯಾದೆ ಕಾಪಾಡಿದೆ. ಬಾರಿಸಿದರೂ ನನಗೆ ಏನೂ ಮಾಡದವರು ಆ ಇಡೀ ಸಭೆಯಲ್ಲಿ ಒಬ್ಬರೇ ಇದ್ದರು. ಆರು ವರ್ಷ ನನಗೆ ಗಂಟೆ ಒತ್ತದವರಿಗೆ ನಾನು ಅವರದೇ ಗಂಟೆ ಒತ್ತಿದೆ.

ಮರುದಿನ ಕಚೇರಿಯಲ್ಲಿ ತಪ್ಪಾಯಿತು ಎಂದು ಹೇಳಲು ತಯಾರಾಗಿ ಹೋದೆ. ಮೇಡಂ ಎಂದಿನಂತೆ ಎದ್ದು ಸ್ಟೂಲಿನ ಹತ್ತಿರ ಬಂದರು. "ಐತಪ್ಪನವರೇ, ಬಿಡುವಾದಾಗ..." ಎಂದರು. ನಾನು ಫೈಲು ಹುಡುಕಲು ಓಡಿದೆ. ಹೀಗೆ ಒಂದು ವರ್ಷ ಓಡಿದೆ. ಅವರಿಗೆ ಎರ್ನಾಕುಲಂಗೆ ವರ್ಗವಾಯಿತು. ಅಷ್ಟರಲ್ಲಿ ಕಚೇರಿಗೆ ಕರೆಂಟಿನ ಬಜರ್ ಬಂದು ಹಳೆಯ ಗಂಟೆಗಳನ್ನೆಲ್ಲ ಕೆಲಸಕ್ಕೆ ಬಾರದವೆಂದು ಬರೆದು ಹಾಕಿದ್ದರು. ಹೋಗುವ ದಿನ ಮೇಡಂ ತಮ್ಮ ಗಂಟೆಯನ್ನು ನನ್ನ ಕೈಗಿತ್ತರು. "ಇದು ನಿಮ್ಮ ಹತ್ತಿರ ಇರಲಿ. ನಿಮಗೆ ಚೆನ್ನಾಗಿ ಬಾರಿಸೋಕೆ ಬರುತ್ತೆ." ನಗುತ್ತಲೇ ಹೇಳಿದರು. ಅದು ತಮಾಷೆಯೋ ಚುಚ್ಚು ಮಾತೋ ಎಂದು ಸರೋಜಳನ್ನು ಕೇಳಿದೆ. "ನಿಮ್ಮ ಮುಖ ನೋಡಿದರೆ ಎರಡೂ ಹೌದು," ಎಂದಳು.

ನಿವೃತ್ತಿಯಾದ ಮರುವರ್ಷ ಧೈರ್ಯ ಮಾಡಿ ಬೆಳಗಿನ ರೈಲು ಹತ್ತಿದೆ. ಕೈಯಲ್ಲಿ ಒಂದು ಪೊಟ್ಟಣ ಬೋಳಿ. ಇಲ್ಲಿನ ಬೋಳಿ ಎಂದರೆ ನಮ್ಮ ಹೋಳಿಗೆಯ ಹಳದಿ ತಮ್ಮ. ಎರ್ನಾಕುಲಂನಲ್ಲಿ ಮೇಡಂ ಮೈದುನನ ಫ್ಲಾಟಿನಲ್ಲಿದ್ದರು. ಬಾಗಿಲು ತೆಗೆದದ್ದು ಆ ಮೈದುನ ಬೇಬಿಚ್ಚನ್, ಚಂದ್ರನ ವರದಿಗಾರ. ಮೇಡಂ ತರಕಾರಿಗೆ ಹೋಗಿದ್ದರು. ನಾನು ನಾಚಿಕೆ ಬಿಟ್ಟು, ಆ ಕೊನೆಯ ಸಂಕಷ್ಟಿಯ ದಿನ ಅಣ್ಣ ಏನೆಂದರು ಗೊತ್ತೇ ಎಂದು ಕೇಳಿದೆ. "ಚೇಟ್ಟಾ, ಚಂದ್ರನ್ ಉಂಡೋ ಅಂತ ಅಣ್ಣ ಕೇಳಿದ. ನಾನು ಇಲ್ಲ ಅಂದೆ. ಫೋನ್ ಇಟ್ಟ. ನನಗೆ ಗೊತ್ತಿರುವುದು ಚಂದ್ರನ ವಿಷಯ ಮಾತ್ರ," ಎಂದರು ಮಲಯಾಳದಲ್ಲಿ. ಚೇಟ್ಟಾ ಎಂದರೆ ಅಣ್ಣ, ಅದು ನನಗೆ.

ಮೇಡಂ ಬಂದರು. ಕಾಫಿ ಕೊಟ್ಟರು. ಮೊಣಕಾಲು, ಸಕ್ಕರೆ ಕಾಯಿಲೆ, ಬಸವರಾಜನ ಪ್ರಮೋಷನ್ ಎಲ್ಲ ಆಯಿತು. ನಾನು ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿ, "ಮೇಡಂ, ಆವತ್ತು ಶಾಲೆಯ ಹಾಲಿನಲ್ಲಿ..." ಎಂದೆ. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು.

ನಾನು ಎದ್ದುಬಿಟ್ಟೆ. ಕಾಲುಗಳು ಎದ್ದವು, ನಾನು ಹಿಂದೆ ಹೋದೆ. ಗ್ಯಾಸ್ ಸಿಲಿಂಡರಿನವನು. ಸಿಲಿಂಡರನ್ನು ಉರುಳಿಸಿ ಒಳಗೆ ತಂದೆ, ಹಳೆಯದನ್ನು ಬಿಚ್ಚಿದೆ, ಹೊಸದಕ್ಕೆ ರೆಗ್ಯುಲೇಟರ್ ಹಾಕಿದೆ, ಸೋರುತ್ತದೆಯೋ ಎಂದು ಸೋಪಿನ ನೀರು ಬಿಟ್ಟು ನೋಡಿದೆ. "ಅಯ್ಯೋ, ನೀವ್ಯಾಕೆ ಐತಪ್ಪನವರೇ!" ಎಂದು ಮೇಡಂ ಹಿಂದೆ ಹಿಂದೆ ಬರುತ್ತಿದ್ದರು. ಕೈ ತೊಳೆದು ಬರುವಾಗ ರೈಲಿನ ಹೊತ್ತಾಗಿತ್ತು.

ಲಿಫ್ಟಿನ ಹತ್ತಿರ ಅವರೇ ಕೇಳಿದರು: "ಏನೋ ಹೇಳೋಕೆ ಹೊರಟಿದ್ರಿ?"

"ಬೋಳಿ ಬೇಗ ತಿನ್ನಿ ಮೇಡಂ, ಹಾಳಾಗ್ತದೆ ಅಂತ."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಅಂದು ಗಂಟೆ ಬಾರಿಸಿದಾಗ ನೋಡಿದ ಹಾಗೆಯೇ. "ಸರಿ, ತಿಂತೀನಿ," ಎಂದರು. ಲಿಫ್ಟಿನ ಬಾಗಿಲು ಮುಚ್ಚುವಾಗಲೂ ಅದೊಂದು ‘ಟಣ್’ ಎಂದಿತು. ಎರ್ನಾಕುಲಂನ ಲಿಫ್ಟುಗಳಿಗೂ ನನ್ನ ಮೇಲೆ ಕೋಪ.

ಆ ವಾಕ್ಯದ ಉಳಿದ ಭಾಗವನ್ನು ನಾನು ಎಷ್ಟೋ ಬಗೆಯಲ್ಲಿ ಮುಗಿಸಿ ನೋಡಿದ್ದೇನೆ. "ಕಂಡಿತು, ಊಟ ಮಾಡು" ಎಂದು ಸುಳ್ಳು ಹೇಳಿರಬಹುದು. "ನಾನೂ ಉಣ್ಣುವುದಿಲ್ಲ" ಎಂದಿರಬಹುದು. "ಪಂಚಾಂಗದ ವಿಷಯ ನನಗೆ ಮೊದಲಿನಿಂದ ಗೊತ್ತು ಮಾರಾಯ್ತಿ" ಎಂದಿರಲೂಬಹುದು. ಯಾವುದನ್ನು ಹಾಕಿದರೂ ಕೂರುತ್ತದೆ, ಯಾವುದೂ ಅವರದ್ದಲ್ಲ.

ಸರೋಜಳೂ ಸಂಕಷ್ಟಿ ಮಾಡುವವಳೇ. ನಲವತ್ತು ವರ್ಷ ನಾನು ನನ್ನ ಪಾಡಿಗೆ ಉಂಡು ಮಲಗುತ್ತಿದ್ದೆ. ಮೊನ್ನೆ ಮೊಮ್ಮಗಳು ಗಂಟೆ ಒತ್ತಿದ ದಿನ ಸಂಕಷ್ಟಿ. ಸಂಜೆ ಕಳೆದ ಮೇಲೆ ಮೊದಲ ಸಲ ಟೆರೇಸ್ ಹತ್ತಿದೆ. ಮೋಡ. ಇಳಿದು ಬಂದವನು, ಇನ್ನು ಮುಂದೂಡುವುದಿಲ್ಲ ಎಂದು ಎರ್ನಾಕುಲಂಗೆ ಫೋನ್ ಮಾಡಿದೆ. ಬೇಬಿಚ್ಚನ್ ಎತ್ತಿದರು. ಮೇಡಂ ಇದ್ದಾರೆಯೇ ಎಂದು ಕೇಳಬೇಕಿತ್ತು, ಬೇರೆಯೇ ಮಾತು ಹೊರಗೆ ಬಂತು: "ಅವಿಡೆ ಚಂದ್ರನ್ ಉಂಡೋ?"

ಆ ಕಡೆ ಫೋನ್ ಕೆಳಗಿಟ್ಟ ಶಬ್ದ. ಆಮೇಲೆ ಚಪ್ಪಲಿಯ ಶಬ್ದ, ಬಾಲ್ಕನಿಯ ಬಾಗಿಲು ತೆಗೆದ ಶಬ್ದ. ಆ ಮನುಷ್ಯ ಹೋಗಿ ನೋಡಿಯೇ ಬಂದರು. "ಇಲ್ಲ ಚೇಟ್ಟಾ, ಮೋಡ," ಎಂದರು. ಆಮೇಲೆ ಹೇಳಿದರು, ಚೇಚ್ಚಿ, ಎಂದರೆ ನಮ್ಮ ಮೇಡಂ, ತೀರಿಹೋಗಿ ಐದು ತಿಂಗಳಾಯಿತೆಂದು. ತಿಳಿಸಲು ನನ್ನ ನಂಬರು ಅವರ ಬಳಿ ಇರಲಿಲ್ಲವಂತೆ.

ಫೋನ್ ಇಟ್ಟಾಗ ನಾನು ನಿಂತೇ ಇದ್ದೆ. ಸರೋಜ ಬಾಗಿಲಲ್ಲಿ ಕೇಳಿದಳು: "ಕಂಡಿತಾ?"

"ಇಲ್ಲ," ಎಂದೆ. ಸುಳ್ಳು ಹೇಳಲೂ ಬರಲಿಲ್ಲ. ಅವಳು ಪಂಚಾಂಗ ತೆಗೆಯಲಿಲ್ಲ.

ಆ ವರ್ಷದ ಸಂಘದ ವರದಿಯನ್ನು ಬಸವರಾಜ ಮುದ್ದಾದ ಅಕ್ಷರದಲ್ಲಿ ಬರೆದಿದ್ದ. ಅದರ ಒಂದು ಪ್ರತಿ ಗಂಟೆಯ ಜೊತೆ ಕಪಾಟಿನಲ್ಲಿತ್ತು, ತೆಗೆದು ನೋಡಿದೆ. ಹಿಂದೂ: ಶ್ರೀ ಶೇಷಗಿರಿರಾಯರು. ಜೈನ: ಶ್ರೀ ಧರಣೇಂದ್ರ. ಇಸ್ಲಾಂ: ಶ್ರೀ ನೌಷಾದ್. ಕೊನೆಯ ಸಾಲಿನಲ್ಲಿ ‘ಇತರೆ, ಎರಡು ನಿಮಿಷ’ ಎಂದಿದೆ, ಮುಂದೆ ಜಾಗ ಖಾಲಿ. ಪೆನ್ನು ತೆಗೆದುಕೊಂಡು ಅಲ್ಲಿ ಬರೆದೆ. ಅಕ್ಷರ ಸೊಟ್ಟಗಾಯಿತು, ಆದರೆ ಓದಬಹುದು: ಶ್ರೀಮತಿ ಸುಲೋಚನಾ ವರ್ಗೀಸ್.